ಗ್ಲಾಕ್ 19: ಟ್ರಿಗರ್ ಮೊದಲಾ, ರೆಡ್ ಡಾಟ್ ಮೊದಲಾ?

ಪ್ಲೇನೋ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿ ಟೆಕ್ಸಸ್‌ನಲ್ಲಿ ಒಂದು ಗ್ಲಾಕ್ 19 ಜೆನ್ 5 ಎಂಓಎಸ್ ಪಿಸ್ತೂಲು ತಗೊಂಡಿದ್ದೇನೆ. ಎಂಓಎಸ್ ಅಂದರೆ ಮೇಲೆ ರೆಡ್ ಡಾಟ್ (ಬೆಳಕಿನ ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ ಸೈಟ್) ಕೂರಿಸಬಹುದಾದ ಮಾದರಿ. ರೇಂಜ್‌ಗೆ ಮತ್ತು ಕ್ಲಬ್‌ನವರು ನಡೆಸುವ ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಘ) ಮ್ಯಾಚ್‌ಗೆ, ಅಷ್ಟೇ. 7 ಗಜದಲ್ಲಿ ಪರವಾಗಿಲ್ಲ. 15 ಗಜಕ್ಕೆ ಹೋದರೆ ಗುಂಡುಗಳೆಲ್ಲ ಕೆಳಗೆ, ಎಡಕ್ಕೆ ಬೀಳುತ್ತವೆ. ನಾನು ಬಲಗೈಯವನು. ಟ್ರಿಗರ್ ಮೊದಲು ಸಡಿಲ, ಆಮೇಲೆ ಒಂದು ತಡೆ ಸಿಗುತ್ತದೆ, ಅಲ್ಲಿಂದ ಮುಂದೆ ಒದ್ದೆ ಸ್ಪಂಜು ಹಿಸುಕಿದ ಹಾಗೆ. ಜೊತೆಗೆ ವಯಸ್ಸು ನಲವತ್ತು ದಾಟಿದೆ, ಮುಂದಿನ ಸೈಟ್ ನೋಡಿದರೆ ಟಾರ್ಗೆಟ್ ಮಸುಕು, ಟಾರ್ಗೆಟ್ ನೋಡಿದರೆ ಸೈಟ್ ಮಸುಕು. ಕೈಯಲ್ಲಿ ಸುಮಾರು 500 ಡಾಲರ್ ಇದೆ. ಟ್ರಿಗರ್ ಹಗುರ ಮಾಡುವ ಕಿಟ್ ಹಾಕಿಸಲಾ, ರೆಡ್ ಡಾಟ್ ಹಾಕಿಸಲಾ?

ಹಳೇ_ಆರ್‌ಒ:
ಡಾಟ್. ಟ್ರಿಗರ್ ಕಿಟ್ ಸದ್ಯಕ್ಕೆ ಮರೆತುಬಿಡಿ.

ಕೆಳಗೆ-ಎಡಕ್ಕೆ ಅನ್ನೋದು ಬಲಗೈಯವರ ಹಳೇ ಕಾಯಿಲೆ ಗುರು. ಗುಂಡು ಹಾರುವ ಮೊದಲೇ ಕೈ ಬಿಗಿಯಾಗಿ ಮೂತಿ ಬಾಗಿರುತ್ತದೆ. ಗೆಳೆಯರ ಕೈಲಿ ಮ್ಯಾಗಜೀನ್ ತುಂಬಿಸಿ, ನಡುನಡುವೆ ಡಮ್ಮಿ ಗುಂಡು ಇರಲಿ, ಎಲ್ಲಿದೆ ಅಂತ ನಿಮಗೆ ಗೊತ್ತಾಗಬಾರದು. ಡಮ್ಮಿ ಬಂದಾಗ ಢಂ ಅನ್ನಲ್ಲ, ಆದರೂ ಮೂತಿ ಗಕ್ಕನೆ ತಗ್ಗುತ್ತದೆ, ನಿಮ್ಮ ಕಣ್ಣಿಗೇ ಕಾಣುತ್ತದೆ.

ಲೆಕ್ಕ ನೋಡಿ. ಗ್ಲಾಕ್ ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ ಆಸುಪಾಸು. ಗುಂಡು ತುಂಬಿದ ಗ್ಲಾಕ್ 19 ಒಂದು ಕಿಲೋನೂ ಇಲ್ಲ. ಬೆರಳು ಸ್ವಲ್ಪ ಓರೆಯಾಗಿ ಎಳೆದರೂ ಇಡೀ ಪಿಸ್ತೂಲು ಹೊರಳುತ್ತದೆ. ಟ್ರಿಗರ್ ಹಗುರ ಮಾಡಿದರೆ ಇದು ಒಂದಿಷ್ಟು ಮುಚ್ಚಿಹೋಗುತ್ತದೆ, ವಾಸಿಯಾಗಲ್ಲ. ಡಾಟ್ ಇದ್ದರೆ ಮನೆಯಲ್ಲಿ ಖಾಲಿ ಪಿಸ್ತೂಲಲ್ಲಿ ಡ್ರೈ ಫೈರ್ ಮಾಡುವಾಗಲೇ ಚುಕ್ಕೆ ಯಾವ ಕಡೆ ಜಾರಿತು ಅಂತ ತಿಳಿಯುತ್ತದೆ. ಡಾಟ್ ಇಲ್ಲದ ಮಾಮೂಲಿ ಸೈಟ್ ಇಷ್ಟು ಚಾಡಿ ಹೇಳಲ್ಲ. ಕಣ್ಣಿನ ತೊಂದರೆಗೂ ಇದೇ ಮದ್ದು: ಟಾರ್ಗೆಟ್ ಒಂದನ್ನೇ ನೋಡಿದರೆ ಸಾಕು.

ಒಂದು ನೆನಪಿರಲಿ, ಡಾಟ್ ಹಾಕಿದರೆ ಯುಎಸ್‌ಪಿಎಸ್‌ಎ ಮ್ಯಾಚ್‌ನ ಪ್ರೊಡಕ್ಷನ್ ಡಿವಿಷನ್‌ನಲ್ಲಿ ಆಡೋಕಾಗಲ್ಲ, ಕ್ಯಾರಿ ಆಪ್ಟಿಕ್ಸ್ ಅನ್ನೋ ಡಿವಿಷನ್‌ಗೆ ಹೋಗಬೇಕು.

ಸ್ಕ್ರೂ_ಸ್ವಾಮಿ:
ಮೇಲಿನವರ ಮಾತಿಗೆ ನನ್ನದೂ ಸೈ. ಕೊಳ್ಳುವ ಮೊದಲು ಅಂಗಡಿಯಲ್ಲೇ ಡಾಟ್ ಆನ್ ಮಾಡಿ ನೋಡಿ. ಚುಕ್ಕೆ ದುಂಡಗಿಲ್ಲದೆ ನಕ್ಷತ್ರದ ಹಾಗೋ ಅಲ್ಪವಿರಾಮದ ಹಾಗೋ ಕಂಡರೆ ಮೊಬೈಲಲ್ಲಿ ಫೋಟೋ ತೆಗೀರಿ. ಫೋಟೋದಲ್ಲಿ ದುಂಡಗಿದ್ದರೆ ಡಾಟ್ ಸರಿ ಇದೆ, ನಿಮ್ಮ ಕಣ್ಣಲ್ಲಿ ಅಸ್ಟಿಗ್ಮ್ಯಾಟಿಸಂ ಅನ್ನೋ ದೃಷ್ಟಿದೋಷ ಇದೆ. ಬ್ರೈಟ್‌ನೆಸ್ ಇಳಿಸಿ ನೋಡಿ, ಕೆಲವರಿಗೆ ಹಸಿರು ಚುಕ್ಕೆ ಚೆನ್ನಾಗಿ ಕಾಣುತ್ತದೆ.

ಹೋಲೋಸನ್ 507ಸಿ ಅನ್ನೋ ಡಾಟ್ ತಗೊಂಡರೆ ಅದನ್ನು ಕೂರಿಸಲು ಎಂಓಎಸ್‌ನ 02 ಅಂತ ಗುರುತಿರುವ ತಟ್ಟೆ ಬೇಕು, ಅದು ಟ್ರಿಜಿಕಾನ್ ಆರ್‌ಎಂಆರ್ ಅನ್ನೋ ಇನ್ನೊಂದು ಡಾಟ್‌ನ ಅಳತೆಯದು. ಬ್ಯಾಟರಿ ಪಕ್ಕದಿಂದ ಹಾಕೋದು, ಹಾಗಾಗಿ ಬದಲಿಸುವಾಗ ಡಾಟ್ ಬಿಚ್ಚಬೇಕಿಲ್ಲ, ಝೀರೋ (ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಮಾಡಿದ ಹೊಂದಾಣಿಕೆ) ಕೆಡಲ್ಲ.

ಜನ ಎಡವುವುದು ಸ್ಕ್ರೂನಲ್ಲಿ. ಡಬ್ಬಿಯಲ್ಲಿ ಎರಡು ಮೂರು ಉದ್ದದ್ದು ಇರುತ್ತವೆ. ಉದ್ದ ಜಾಸ್ತಿಯಾದರೆ ಬಲಗಡೆಯ ಸ್ಕ್ರೂ ತುದಿ ಒಳಗಿನ ಎಕ್ಸ್‌ಟ್ರ್ಯಾಕ್ಟರ್ ಪ್ಲಂಜರ್‌ಗೆ (ಖಾಲಿ ಕೇಸು ಎಳೆಯುವ ಕೊಕ್ಕೆಯನ್ನು ಒತ್ತಿಹಿಡಿಯುವ ಕಡ್ಡಿ) ತಾಗುತ್ತದೆ, ಆಮೇಲೆ ಖಾಲಿ ಕೇಸು ಸರಿಯಾಗಿ ಹೊರಗೆ ಬರಲ್ಲ, ನೀವು ಗುಂಡಿಗೆ ಬೈತಾ ಕೂರುತ್ತೀರಿ. ಸ್ಕ್ರೂ, ತೂತು ಎರಡನ್ನೂ ಆಲ್ಕೋಹಾಲ್‌ನಲ್ಲಿ ಒರೆಸಿ ಎಣ್ಣೆ ತೆಗೆದು, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟು) ಒಂದೇ ಹನಿ ಹಾಕಿ, ಟಾರ್ಕ್ ಡ್ರೈವರ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿ ಮಾಡಿ, ಸಾಮಾನ್ಯವಾಗಿ 12ರಿಂದ 15 ಇಂಚ್-ಪೌಂಡ್. ಕೈ ಅಂದಾಜು ಬೇಡ. ಒಣಗಲು ಒಂದು ರಾತ್ರಿ ಬಿಡಿ. ಸ್ಕ್ರೂ ತಲೆಯಿಂದ ಡಾಟ್‌ನ ಮೈವರೆಗೆ ಪೇಂಟ್ ಪೆನ್‌ನಲ್ಲಿ ಗೆರೆ ಎಳೆದರೆ, ಸಡಿಲವಾದಾಗ ಗೆರೆ ಮುರಿದು ಗೊತ್ತಾಗುತ್ತದೆ.

ಝೀರೋ ಮೊದಲು 10 ಗಜದಲ್ಲಿ, ಆಮೇಲೆ 25ರಲ್ಲಿ, ಕೈಗೆ ಆಸರೆ ಕೊಟ್ಟು. ಡಾಟ್ ಹೊಂದಿಸುವ ತಿರುಪಿನ ಒಂದು ಕ್ಲಿಕ್ ಅಂದರೆ 25 ಗಜದಲ್ಲಿ ಕಾಲು ಇಂಚು.

ಟ್ರಿಗರ್ ಬದಲಿಸಲು ಕೈ ಕೆರೆಯುತ್ತಿದ್ದರೆ ಮೈನಸ್ ಕನೆಕ್ಟರ್ (ಟ್ರಿಗರ್ ಸ್ವಲ್ಪ ಹಗುರ ಮಾಡುವ ತುಂಡು) ಒಂದು ಹಾಕಿಸಿ, ಬಿಡಿಭಾಗ 20 ಡಾಲರ್ ಆಚೀಚೆ. ಸ್ಟ್ರೈಕರ್ (ಗುಂಡಿಗೆ ಬಡಿಯುವ ಮೊಳೆ) ಸ್ಪ್ರಿಂಗ್ ಹಗುರದ್ದು ಬೇಡವೇ ಬೇಡ, ಗಟ್ಟಿ ಪ್ರೈಮರ್ (ಗುಂಡಿನ ಹಿಂಬದಿಯ ಕಿಡಿ ಹೊತ್ತಿಸುವ ಭಾಗ) ಸಿಕ್ಕರೆ ಗುಂಡು ಹಾರಲ್ಲ. ಡ್ರೆಮೆಲ್ ಯಂತ್ರ ಹಿಡಿದು ಟ್ರಿಗರ್ ಭಾಗಗಳನ್ನು ಉಜ್ಜುವುದಂತೂ ಕೇಳಲೇಬೇಡಿ. ಕೈ ಜಾರಿ ಬಿದ್ದರೂ ಹಾರದಂತೆ ಇರುವ ಸೇಫ್ಟಿಗಳು ಅದೇ ಭಾಗಗಳ ಅಂಚಿನ ಮೇಲೆ ನಿಂತಿವೆ.

ಮೈಸೂರು_ಶೂಟರ್:
ನಾನು ಊರಲ್ಲಿ 10 ಮೀಟರ್ ಏರ್ ಪಿಸ್ತೂಲ್ ಆಡುವವನು. ನಮ್ಮ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು, ತೂಕ ನೇತುಹಾಕಿ ಪರೀಕ್ಷೆ ಮಾಡುತ್ತಾರೆ. ನಿಮ್ಮದರ ಐದನೇ ಒಂದು ಭಾಗ! ಅಷ್ಟು ಹಗುರ ಇದ್ದರೂ ಹೊಸಬರದ್ದು ಪಕ್ಕಕ್ಕೆ ಹೋಗೋದು ತಪ್ಪಿಲ್ಲ ಸರ್. ಡಾಟ್ ನಮಗೆ ಇಲ್ಲವೇ ಇಲ್ಲ, ನಿಯಮದಲ್ಲಿ ಬರೀ ಓಪನ್ ಸೈಟ್. ಇದನ್ನು ಓದಿ ಇಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ಗ್ಲಾಕ್ 19ರ ಗುಂಡು 9 ಎಂಎಂ, ಭಾರತದಲ್ಲಿ ಅದು ನಿಷೇಧಿತ ಬೋರ್ (ನಳಿಗೆಯ ಅಳತೆ), ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು.

ಹಳೇ_ಆರ್‌ಒ:
ಹೌದು. ಅಮೆರಿಕದಲ್ಲಿ ಎಚ್-1ಬಿ ವೀಸಾ ಮೇಲೆ ಇರುವವರೂ ಗಮನಿಸಿ, ಹಂಟಿಂಗ್ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗೆಳೆಯನದ್ದು ಅಂತ ಹಿಡಿದುಕೊಳ್ಳುವ ಮೊದಲು ವಕೀಲರನ್ನು ಕೇಳಿ.

ಪ್ಲೇನೋ_ಕನ್ನಡಿಗ:
ತುಂಬಾ ಥ್ಯಾಂಕ್ಸ್. ಡಾಟ್ ಅಂತ ತೀರ್ಮಾನ ಆಯ್ತು. ಸ್ವಾಮಿಗಳೇ, ಮುಚ್ಚಿದ ಡಬ್ಬಿ ತರಹದ ಹೋಲೋಸನ್ 509ಟಿ ಡಾಟ್ ಒಳ್ಳೇದಾ?

ಸ್ಕ್ರೂ_ಸ್ವಾಮಿ:
ಮಳೆ, ಧೂಳಲ್ಲಿ ಅದೇ ಮೇಲು, ಆದರೆ ನಿಮ್ಮ ಬಜೆಟ್ ಹೆಚ್ಚುಕಡಿಮೆ ಅಲ್ಲೇ ಮುಗಿಯುತ್ತದೆ. ರೇಂಜ್‌ಗೆ 507ಸಿ ಸಾಕು. ಉಳಿದ ದುಡ್ಡಿಗೆ ಗುಂಡು ತಗೊಳ್ಳಿ.