ಬೇರೆ ಜನಾಂಗದ ಮಗುನ ದತ್ತು ತಗೊಂಡಿದ್ದೀವಿ, ಅವನ ಮೂಲದ ಬಗ್ಗೆ ನಾವೇ ಮಾತು ತೆಗೀಬೇಕಾ ಇಲ್ಲ ಅವನೇ ಕೇಳೋವರೆಗೂ ಸುಮ್ನಿರಬೇಕಾ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ 7 ವರ್ಷ, 14 ತಿಂಗಳ ಕೂಸಾಗಿದ್ದಾಗ ದತ್ತು ತಗೊಂಡ್ವಿ. ಅವನ ಜನಾಂಗ ಬೇರೆ, ಮುಖ ಬಣ್ಣ ಕೂದಲು ಯಾವುದೂ ನಮ್ಮಿಬ್ಬರ ಥರ ಇಲ್ಲ, ನೋಡಿದ ತಕ್ಷಣ ಯಾರಿಗಾದ್ರೂ ಗೊತ್ತಾಗುತ್ತೆ. ದತ್ತು ಅನ್ನೋದನ್ನ ನಾವು ಯಾವತ್ತೂ ಮುಚ್ಚಿಟ್ಟಿಲ್ಲ, ಅವನಿಗೆ ಮಾತು ಬರೋಕೆ ಮುಂಚೆಯಿಂದ್ಲೂ ಕಥೆ ಥರ ಹೇಳ್ಕೊಂಡೇ ಬಂದಿದ್ದೀವಿ. ಆದ್ರೆ ಬಣ್ಣ, ಜನಾಂಗ ಅಂತ ಮಾತ್ರ ಮನೇಲಿ ಯಾರೂ ಬಾಯಿ ಬಿಟ್ಟಿಲ್ಲ.

ಈಗ ಎರಡು ತಿಂಗಳಿಂದ ಹೊರಗೆ ಹೋದಾಗ ನನ್ನ ಕೈ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ನಡೀತಾನೆ. ದೊಡ್ಡವನಾಗ್ತಿದಾನೆ, ನಾಚಿಕೆ ಇರಬೇಕು ಅಂದ್ಕೊಂಡಿದ್ದೆ. ಮೊನ್ನೆ ಕೇಳಿದ್ರೆ "ಜೊತೇಲಿ ಬಂದ್ರೆ ಎಲ್ಲರೂ ನೋಡ್ತಾರಮ್ಮ, ಹಿಂದೆ ಬಂದ್ರೆ ಯಾರೂ ಏನೂ ಕೇಳಲ್ಲ" ಅಂದ. ಮನೇಲಿ ಮಾತ್ರ ಮೊದಲಿನ ಥರಾನೇ ಬಂದು ತೊಡೆ ಮೇಲೆ ಕೂತ್ಕೋತಾನೆ.

ನಾವಾಗೇ ಈ ವಿಷ್ಯ ತೆಗೆದ್ರೆ ಇಲ್ಲದ ಭೇದ ತಲೇಲಿ ತುಂಬಿದ ಹಾಗಾಗುತ್ತೆ ಅಂತಾರೆ ನಮ್ಮ ಯಜಮಾನ್ರು. ನಾನು ಮನಸ್ಸು ತಡೀದೆ ಅವನು ಹುಟ್ಟಿದ ದೇಶದ ಭಾಷೆ ಕ್ಲಾಸಿಗೆ ಸೇರಿಸ್ದೆ, ಎರಡೇ ವಾರ ಹೋದ, ಆಮೇಲೆ "ಅಲ್ಲಿಗೆ ಕಳಿಸ್ಬೇಡ, ನಾನು ನಿಮ್ಮೋನು" ಅಂತ ಅತ್ತುಬಿಟ್ಟ, ಬಿಡಿಸ್ದೆ. ಎಲ್ಲಿ ತಪ್ಪು ಮಾಡ್ತಿದ್ದೀವಿ? ಅನುಭವ ಇರೋರು ದಯವಿಟ್ಟು ಹೇಳಿ.

ಉತ್ತರ 1:

ಅಕ್ಕ, ನಾನೇ ಹಾಗೆ ಬೆಳೆದೋನು, ಈಗ ನನಗೆ 34. ನನ್ನ ಅಪ್ಪ ಅಮ್ಮ ಪ್ರೀತಿಗೆ ಏನೂ ಕಮ್ಮಿ ಮಾಡ್ಲಿಲ್ಲ, ಅದನ್ನ ಮೊದಲು ಹೇಳ್ಬಿಡ್ತೀನಿ. "ನೀನು ಬೇರೆ ಅಂತ ನಮ್ಮ ಕಣ್ಣಿಗೆ ಕಾಣೋದೇ ಇಲ್ಲ ಕಣೋ" ಅಂತಿದ್ರು, ಒಳ್ಳೆ ಮನಸ್ಸಿಂದ್ಲೇ. ಆದ್ರೆ ಮನೆ ಬಾಗಿಲು ದಾಟಿದ್ರೆ ಮಿಕ್ಕೋರೆಲ್ಲರಿಗೂ ಕಾಣ್ತಿತ್ತಲ್ಲ. ಮೂರನೇ ಕ್ಲಾಸಲ್ಲಿ ಒಬ್ಬ ಹುಡುಗ ನನ್ನ ಕಣ್ಣು ಹಿಡಿದು ಆಡ್ಕೊಂಡ, ಮನೆಗೆ ಬಂದು ಹೇಳಿದೆ, ಅಮ್ಮ ಅತ್ತುಬಿಟ್ಟಳು. ಅವತ್ತೇ ತೀರ್ಮಾನ ಮಾಡ್ದೆ, ಇನ್ಮೇಲೆ ಹೇಳಬಾರದು ಅಂತ. ಆಮೇಲೆ ಹತ್ತು ವರ್ಷ ಏನೇನಾಯ್ತೋ ಅದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಮಗ ಕೈ ಬಿಟ್ಟಿದ್ದಕ್ಕೆ ನಿಮ್ಮ ಮೇಲೆ ಬೇಸರ ಕಾರಣ ಅಲ್ಲ. ಜನ ಕೇಳೋ ಪ್ರಶ್ನೆಯಿಂದ ನಿಮ್ಮನ್ನೂ ಕಾಪಾಡ್ತಿದಾನೆ ತನ್ನನ್ನೂ ಕಾಪಾಡ್ಕೋತಿದಾನೆ ಅಂತ ನನಗನ್ಸುತ್ತೆ. 7 ವರ್ಷದ ಹುಡುಗ ಹೊರೋ ಭಾರ ಅಲ್ಲ ಅದು.

ಇನ್ನೊಂದು. ನನಗೂ ಕ್ಲಾಸು, ವರ್ಷಕ್ಕೊಂದ್ಸಲ ಕ್ಯಾಂಪು ಎಲ್ಲಾ ಆಗಿದೆ, ಒಂದೂ ಹತ್ತಲಿಲ್ಲ. ಹತ್ತಿದ್ದು ಈಜು ಕಲಿಸೋಕೆ ಬಂದ ಕೋಚ್, ಅವರದ್ದು ನನ್ನ ಜನಾಂಗ. ಮೂಲ, ಸಂಸ್ಕೃತಿ ಅಂತ ಒಂದು ಮಾತೂ ಆಡಿದೋರಲ್ಲ, ಬರೀ ಕಾಲು ಬಡಿ, ಉಸಿರು ಬಿಡು ಅಷ್ಟೇ. ಆದ್ರೆ ಅವರನ್ನ ನೋಡ್ದಾಗ ಮೊದಲನೇ ಸಲ ಗೊತ್ತಾಯ್ತು, ಓ ನಾನು ದೊಡ್ಡವನಾದ್ರೆ ಹೀಗೆ ಕಾಣ್ತೀನಿ ಅಂತ. ಅಲ್ಲೀವರೆಗೂ ನನಗೆ ದೊಡ್ಡವನಾದ ನನ್ನ ಮುಖ ಕಲ್ಪನೆಗೇ ಬರ್ತಿರ್ಲಿಲ್ಲ. ಅಂಥೋರು ನಿಮ್ಮ ಮಗನ ಸುತ್ತ ಎಷ್ಟು ಜನ ಇದಾರೆ ಅಕ್ಕ? ಡಾಕ್ಟ್ರು, ಟೀಚರ್, ನಿಮ್ಮ ಮನೆಗೆ ಊಟಕ್ಕೆ ಬಂದು ಹೋಗೋ ಸ್ನೇಹಿತರು? ಒಬ್ಬರೂ ಇಲ್ಲದೆ ಬರೀ ಕ್ಲಾಸಿಗೆ ಕಳಿಸಿದ್ರೆ ವಾಪಸ್ ಕಳಿಸ್ತಿದಾರೆ ಅಂತ್ಲೇ ಅನ್ಸುತ್ತೆ ಮಗುಗೆ.

ಉತ್ತರ 2:

ನಾನು ದತ್ತು ಕುಟುಂಬಗಳ ಜೊತೆ ಕೆಲಸ ಮಾಡೋಳು. ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳಿ ಮೇಡಂ, ಭೇದ ತಲೇಲಿ ತುಂಬೋಕೆ ನೀವೇ ಬೇಕಾಗಿಲ್ಲ. ಹುಟ್ಟಿದ ತಕ್ಷಣ ಇರಲ್ಲ, ಆದ್ರೆ 3 ತಿಂಗಳಿಗೆಲ್ಲ ಕೂಸುಗಳು ತಾವು ದಿನಾ ನೋಡೋ ಜನಾಂಗದ ಮುಖಗಳನ್ನೇ ಜಾಸ್ತಿ ಹೊತ್ತು ನೋಡ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅದು ದ್ವೇಷ ಅಲ್ಲ, ಬರೀ ಗುರುತು. ನಿಮ್ಮ ಮಗನಿಗೆ ವ್ಯತ್ಯಾಸ ಯಾವತ್ತೋ ಕಂಡಿದೆ, ಮನೇಲಿ ಯಾರೂ ಅದರ ಬಗ್ಗೆ ಮಾತಾಡಲ್ಲ ಅನ್ನೋದೂ ಕಂಡಿದೆ, ಹಾಗಾದ್ರೆ ಇದೇನೋ ಆಡಬಾರದ ವಿಷ್ಯ ಅಂತ ಅವನೇ ಅರ್ಥ ಮಾಡ್ಕೊಂಡಿರ್ತಾನೆ.

ಈ ಜಗಳ ಹಳೇದು. ಅಮೆರಿಕದಲ್ಲಿ 1972ರಲ್ಲಿ ಕಪ್ಪು ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಕಪ್ಪು ಮಕ್ಕಳನ್ನ ಬಿಳಿ ಕುಟುಂಬಗಳಿಗೆ ಕೊಡೋದನ್ನ ಬಲವಾಗಿ ವಿರೋಧಿಸ್ತು, 1994ರಲ್ಲಿ ಒಂದು ಕಾನೂನು, 1996ರಲ್ಲಿ ಅದಕ್ಕೆ ತಿದ್ದುಪಡಿ ಬಂದು ಜನಾಂಗದ ಕಾರಣಕ್ಕೆ ದತ್ತು ತಡ ಮಾಡೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ ಅಂತಾಯ್ತು. ಅಲ್ಲಿನ ಮೂಲನಿವಾಸಿ ಮಕ್ಕಳ ವಿಷ್ಯ ಮಾತ್ರ ಬೇರೆ ದಾರಿ ಹಿಡೀತು, 1978ರ ಕಾನೂನು ಮಗುನ ಮೊದಲು ಅದರ ಬಂಧುಗಳಿಗೆ, ಬುಡಕಟ್ಟಿಗೆ ಕೊಡಿ ಅನ್ನುತ್ತೆ, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 20ನೇ ವಿಧಿಯಲ್ಲಿ ಮಗುವಿನ ಜನಾಂಗ, ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಗೆ ಗಮನ ಕೊಡಬೇಕು ಅಂತಿದೆ. ನನ್ನ ಅಭಿಪ್ರಾಯ ಕೇಳಿದ್ರೆ, ಮಗುಗೆ ಮನೆ ಸಿಗೋದು ಮೊದಲು. ಆದ್ರೆ ಸಿಕ್ಕ ಮೇಲೆ ಆ ಹಿನ್ನೆಲೆ ಕಾಯೋ ಜವಾಬ್ದಾರಿ ತಂದೆ ತಾಯಿದು, ಮಗುದಲ್ಲ.

ಭಾಷೆ ಬಗ್ಗೆ ಗಾಬರಿ ಬೇಡ. 3ರಿಂದ 8 ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿದ್ರೆ ಕೊರಿಯನ್ ಯಾವುದು ಅಂತ ಗುರುತಿಸೋಕೂ ಆಗ್ಲಿಲ್ಲ, 2003ರ ಅಧ್ಯಯನ ಅದು. ಆದ್ರೆ 2014ರಲ್ಲಿ ಮಾಂಟ್ರಿಯಲ್‌ನಲ್ಲಿ ಚೀನಾದಿಂದ ಬಂದು ಬರೀ ಫ್ರೆಂಚ್ ಮಾತಾಡೋ ಹುಡುಗೀರನ್ನ ನೋಡಿದ್ರೆ ಚೀನೀ ಸ್ವರದ ಏರಿಳಿತಕ್ಕೆ ಅವರ ಮೆದುಳು ಚೀನೀ ಮಾತಾಡೋರ ಥರಾನೇ ಸ್ಪಂದಿಸ್ತು. ಒಂದು ಪದಾನೂ ಬರದೆ ಇದ್ರೂ! ನಾನು ಅದನ್ನ ಓದಿದಾಗ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಉತ್ತರ 3:

ನನ್ನ ಮಗಳಿಗೆ ಈಗ 15, ಅವಳೂ ದತ್ತು, ಬೇರೆ ಜನಾಂಗ. ಅವಳು ಬೇಡ ಅಂದಾಗ ನಾನೂ ಕ್ಲಾಸ್ ಬಿಡಿಸ್ದೆ, ನೀವು ಮಾಡಿದ್ದು ತಪ್ಪಲ್ಲ. ಆದ್ರೆ ಬಾಗಿಲು ಮುಚ್ಚಬೇಡಿ. ನಾನೇ ಕಲಿಯೋಕೆ ಶುರು ಮಾಡ್ದೆ, ಅಡುಗೆ ಮನೇಲಿ ತಪ್ಪು ತಪ್ಪಾಗಿ ಹೇಳ್ಕೊಳ್ತಿದ್ದೆ, ಕೂದಲ ಆರೈಕೆಯನ್ನ ಅವಳ ಜನಾಂಗದ ಹೆಂಗಸರ ಹತ್ರ ಕೂತು ಕಲಿತೆ. 14ಕ್ಕೆ ಅವಳಾಗೇ ಬಂದು ನನ್ನ ಉಚ್ಚಾರ ತಿದ್ದಿದ್ಳು.

ಯಾರಾದ್ರೂ "ನಿಮ್ಮ ಮಗುನಾ?" ಅಂದ್ರೆ "ಹೌದು" ಅಂದು ನಿಲ್ಲಿಸಿಬಿಡಿ. ಎಲ್ಲಿಂದ ತಂದ್ರಿ, ಹೆತ್ತೋರು ಯಾರು ಅನ್ನೋದು ಅವನ ಕಥೆ, ಸಿಕ್ಕಿದೋರಿಗೆ ಹೇಳೋ ಅಧಿಕಾರ ನಮಗಿಲ್ಲ. ನಾನು ಮೊದಮೊದಲು ಎಲ್ಲರಿಗೂ ಹೇಳ್ಬಿಡ್ತಿದ್ದೆ, ಅದಕ್ಕೆ ಮಗಳ ಹತ್ರ ಕ್ಷಮೆ ಕೇಳಿದ್ದೀನಿ.

ಮತ್ತೆ ಕಾಗದ ಪತ್ರ ಒಂದೂ ಬಿಸಾಡಬೇಡಿ, ಅದರಲ್ಲಿ ಬರೆದಿರೋದೆಲ್ಲಾ ಸತ್ಯ ಅಂತಾನೂ ಅವನಿಗೆ ಆಣೆ ಮಾಡಿ ಹೇಳಬೇಡಿ. ದಕ್ಷಿಣ ಕೊರಿಯಾದ ಸತ್ಯ ಆಯೋಗ 2025ರ ಮಾರ್ಚ್‌ನಲ್ಲಿ ಹೇಳಿದ್ದು ನೋಡಿರ್ತೀರಿ, ತಂದೆ ತಾಯಿ ಇದ್ದ ಮಕ್ಕಳನ್ನೇ ಅನಾಥರು ಅಂತ ದಾಖಲೆ ತಿದ್ದಿ ಹೊರದೇಶಕ್ಕೆ ಕಳಿಸಿದ್ದಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೈ ಮುಗೀತೀನಿ. ಮೊದಲನೇ ಉತ್ತರ ಕೊಟ್ಟ ತಮ್ಮ, ನಿಮ್ಮ ಮಾತನ್ನ ಯಜಮಾನ್ರಿಗೆ ಜೋರಾಗಿ ಓದಿ ಹೇಳಿದೆ, ಅವರು ಏನೂ ಮಾತಾಡ್ಲಿಲ್ಲ, ಎದ್ದು ಹೋಗಿ ಮಗನ ಪಕ್ಕ ಮಲಗಿದ್ರು.

ನಿನ್ನೆ ರಾತ್ರಿ ಮಗನ್ನ ಕೇಳಿದೆ, ಜನ ಏನೇನು ಕೇಳ್ತಾರೆ ಹೇಳು ಅಂತ. ಬೆರಳು ಮಡಿಸ್ತಾ ಹನ್ನೊಂದು ಹೇಳಿದ. ನಾನು ಅಳಲಿಲ್ಲ, ಕಷ್ಟ ಆಯ್ತು, ಆದ್ರೂ ಅಳಲಿಲ್ಲ. ಕೊನೇಲಿ "ಇನ್ನೂ ಇದೆ, ನಾಳೆ ಹೇಳ್ತೀನಿ" ಅಂತ ಮಲಗಿದ.

ಇನ್ನೊಂದು ಕೇಳಬೇಕಿತ್ತು. ಅವನ ಥರದ ಮಕ್ಕಳೂ ಟೀಚರ್‌ಗಳೂ ಇರೋ ಸ್ಕೂಲ್ ಒಂದಿದೆ, ಆದ್ರೆ ಹೋಗಿ ಬರೋಕೆ ದಿನಾ ಎರಡು ಗಂಟೆ ಆಗುತ್ತೆ, ಈಗಿರೋ ಸ್ನೇಹಿತರನ್ನ ಬಿಡಬೇಕಾಗುತ್ತೆ. ವರ್ಷದ ಮಧ್ಯದಲ್ಲಿ ಬದಲಾಯಿಸೋದಾ, ಇಲ್ಲ ನಾವೇ ಆ ಕಡೆಗೆ ಮನೆ ಮಾಡೋದಾ? ಯಾರಾದ್ರೂ ಹಾಗೆ ಮಾಡಿದ್ದೀರಾ?