ಪ್ಲಸ್ ಸ್ಕ್ರೂವಿನ ಕುಳಿಯ ಅಳತೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಎಂ4 (ಅಂದರೆ 4 ಮಿ.ಮೀ. ದಪ್ಪದ) ಪ್ಯಾನ್ ಹೆಡ್ ಸ್ಕ್ರೂ ಮತ್ತು ಅದಕ್ಕೆ ಹೊಂದುವ ಬಿಟ್ ಎರಡನ್ನೂ ಕಂಪ್ಯೂಟರಿನಲ್ಲಿ ಬಿಡಿಸಬೇಕಾಗಿದೆ. ತಲೆಯ ಮೇಲಿನ ಪ್ಲಸ್ ಕುಳಿಯನ್ನು ಕ್ಯಾಲಿಪರ್‌ನಿಂದ ಅಳೆದರೆ ಪ್ರತಿ ಸಲವೂ ಬೇರೆ ಅಂಕಿ ಬರುತ್ತಿದೆ. ಪ್ರಮಾಣಿತ ಅಳತೆ ಎಲ್ಲಿದೆ ಸರ್?

ಉತ್ತರ: ಕ್ಯಾಲಿಪರ್ ಬದಿಗಿಡಿ. ಕುಳಿ ಆಳಕ್ಕೆ ಇಳಿದಂತೆ ಕಿರಿದಾಗುತ್ತದೆ. ಅಂಕಿ ನಿಲ್ಲುವುದಾದರೂ ಹೇಗೆ? ಒಂದೇ ಪಟ್ಟಿಯಲ್ಲಿ ಎಲ್ಲವನ್ನೂ ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಮಾಹಿತಿ ಮೂರು ಕಡೆ ಹಂಚಿಹೋಗಿದೆ. ತಲೆಯ ಅಳತೆ ಐಎಸ್‌ಒ 7045 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿದೆ: ಎಂ4ಕ್ಕೆ ಗರಿಷ್ಠ ವ್ಯಾಸ 8 ಮಿ.ಮೀ., ಎತ್ತರ 3.1. ಕುಳಿಯ ಆಕಾರ ಐಎಸ್‌ಒ 4757ರಲ್ಲಿದೆ. ಪ್ಲಸ್ ಕುಳಿಯಲ್ಲಿ ಎರಡು ಬಗೆ; ಅಲ್ಲಿ ಫಿಲಿಪ್ಸ್‌ಗೆ 'ಎಚ್', ಪೋಜಿಡ್ರೈವ್‌ಗೆ 'ಝಡ್' ಎಂಬ ಗುರುತು. ಬಿಟ್‌ನ ತುದಿಗೆ ಐಎಸ್‌ಒ 8764.

ಇನ್ನು ಕುಳಿ ಸರಿಯಿದೆಯೇ ಎಂದು ನಿರ್ಧರಿಸುವುದು ಅಗಲವಲ್ಲ, ಗೇಜ್ (ಕುಳಿಯೊಳಗೆ ಇಳಿಸಿ ಅಳೆಯುವ ಸಾಧನ) ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಎಂ4ರ 'ಎಚ್' ಕುಳಿಗೆ ಅದು 1.9ರಿಂದ 2.4 ಮಿ.ಮೀ. ಪಟ್ಟಿಯಲ್ಲಿ ಕಾಣುವ 4.4 ಮಿ.ಮೀ. ಕುಳಿಯ ವ್ಯಾಸ ಉಲ್ಲೇಖಕ್ಕೆ ಮಾತ್ರ, ಅದರ ಮೇಲೆ ಸಹಿಷ್ಣುತೆ (ಟಾಲರೆನ್ಸ್, ಅಳತೆಯಲ್ಲಿ ಒಪ್ಪಬಹುದಾದ ಏರುಪೇರು) ಲೆಕ್ಕ ಹಾಕಲು ಹೋಗಬೇಡಿ. ಮೂಲ ದಾಖಲೆಗಳಿಗೆ ಹಣ ಕೊಡಬೇಕು. ಆದರೆ ಒಳ್ಳೆಯ ಸ್ಕ್ರೂ ತಯಾರಕರ ಕ್ಯಾಟಲಾಗ್‌ಗಳಲ್ಲಿ ಇದೇ ಕೋಷ್ಟಕಗಳು ಇರುತ್ತವೆ, ನಕ್ಷೆ ಬಿಡಿಸುವ ಕೆಲಸಕ್ಕೆ ಅಷ್ಟು ಸಾಕು.

ಪ್ರಶ್ನೆ: ಹಾಗಾದರೆ ಯಾವ ಸ್ಕ್ರೂಗೆ ಯಾವ ಸಂಖ್ಯೆಯ ಬಿಟ್?

ಉತ್ತರ: ಐಎಸ್‌ಒ 7045ರ ಪ್ರಕಾರ ಎಂ2ಕ್ಕೆ 0, ಎಂ2.5 ಮತ್ತು ಎಂ3ಕ್ಕೆ 1, ಎಂ3.5ರಿಂದ ಎಂ5ರವರೆಗೆ 2, ಎಂ6ಕ್ಕೆ 3, ಎಂ8 ಮತ್ತು ಎಂ10ಕ್ಕೆ 4.

ಇನ್ನೊಬ್ಬರು: ನನ್ನಲ್ಲಿರುವ ಎಂ3 ಸ್ಕ್ರೂಗೆ 1ನೇ ಬಿಟ್ ಸಡಿಲವಾಗಿ ಅಲುಗಾಡುತ್ತದೆಯಲ್ಲ?

ಉತ್ತರ: ಅದು ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಮಾದರಿಯದಿರಬಹುದು. ಅವರ ಪಟ್ಟಿಯಲ್ಲಿ ಎಂ3ಕ್ಕೇ 2ನೇ ಸಂಖ್ಯೆ. ಕುಳಿಯ ವಿವರ ಜೆಐಎಸ್ ಬಿ 1012ರಲ್ಲಿದೆ. ಅಂಥ ಸ್ಕ್ರೂಗಳ ತಲೆಯ ಮೇಲೆ ಹಲವು ಬಾರಿ ಸಣ್ಣ ಚುಕ್ಕೆಯೊಂದು ಇರುತ್ತದೆ. ಕುಳಿಯ ತೋಳುಗಳ ನಡುವೆ ನಾಲ್ಕು ತೆಳು ಗೆರೆಗಳು ಕಂಡರೆ ಮಾತ್ರ ಅದು ಪೋಜಿಡ್ರೈವ್; ಅದಕ್ಕೆ ಫಿಲಿಪ್ಸ್ ಬಿಟ್ ತುರುಕಿದರೆ ಬಿಟ್ ಜಾರಿ ಕುಳಿಯ ಅಂಚು ಸವೆಯುತ್ತದೆ. ಮಾದರಿ ಬಿಡಿಸುವವರು ಸಂಖ್ಯೆಯ ಜೊತೆಗೆ 'ಎಚ್' ಅಥವಾ 'ಝಡ್' ಎಂದೂ ನಕ್ಷೆಯಲ್ಲಿ ಬರೆಯಲಿ. ಬರೀ 'ಪ್ಲಸ್, 2' ಎಂದರೆ ಎರಡೂ ಆಗುತ್ತದೆ.