1896ರ ಸ್ಕೋರ್‌ಕಾರ್ಡಲ್ಲಿ ಕೆಲವರಿಗೆ ಮಾತ್ರ ಇನಿಶಿಯಲ್ ಯಾಕೆ?

ಬೌಂಡರಿಲೈನ್:
ಗುರುಗಳೇ ಒಂದು ಡೌಟು. 1896ರಲ್ಲಿ ಓವಲ್‌ನಲ್ಲಿ ನಡೆದ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟಿನ ಹಳೇ ಸ್ಕೋರ್‌ಕಾರ್ಡ್ ನೋಡ್ತಿದ್ದೆ. ಇಂಗ್ಲೆಂಡ್ ಕ್ಯಾಪ್ಟನ್ ಗ್ರೇಸ್, ರಂಜಿ (ನಮ್ಮ ರಣಜಿತ್‌ಸಿಂಹಜಿ) ಇವರಿಗೆಲ್ಲಾ ಇನಿಶಿಯಲ್ ಸಮೇತ ಹೆಸರು, ಏಬಲ್, ಹೇವರ್ಡ್, ರಿಚರ್ಡ್‌ಸನ್ ಇವರಿಗೆ ಬರೀ ಸರ್‌ನೇಮು. ದುಡ್ಡು ತಗೊಂಡು ಆಡೋರು ಪ್ರೊಫೆಷನಲ್, ಅವರಿಗೆ ಈ ಮರ್ಯಾದೆ ಇಲ್ಲ, ದುಡ್ಡಿಲ್ಲದೆ ಹವ್ಯಾಸಕ್ಕೆ ಆಡೋ ಅಮೆಚೂರ್‌ಗಳಿಗೆ ಮಾತ್ರ ಅಂತ ಎಲ್ಲೋ ಓದ್ದೆ. ಸರಿ, ಆದ್ರೆ ಗ್ರೇಸ್ ಕ್ರಿಕೆಟ್ಟಿಂದ ಭರ್ಜರಿ ಕಾಸು ಮಾಡಿದ್ದ ಅಂತಾರಲ್ಲ, ಅವನು ಅದ್ಹೇಗೆ ಅಮೆಚೂರ್ ಆಗ್ತಾನೆ?

ಥರ್ಡ್‌ಮ್ಯಾನ್:
ಒಳ್ಳೇ ಮ್ಯಾಚನ್ನೇ ಹಿಡಿದಿದೀರ. ಗ್ರೇಸ್ ಹೆಸರಿಗೆ ಡಾಕ್ಟರು, ಆದ್ರೆ ಆ ಕಾಲದ ಯಾವ ಪ್ರೊಫೆಷನಲ್ಲೂ ಕನಸಲ್ಲೂ ಕಾಣದಷ್ಟು ದುಡಿದ. 1891-92ರಲ್ಲಿ ಲಾರ್ಡ್ ಶೆಫೀಲ್ಡ್ ಆಸ್ಟ್ರೇಲಿಯಾಕ್ಕೆ ಟೀಮ್ ಕರ್ಕೊಂಡು ಹೋದಾಗ ಇವನೊಬ್ಬನಿಗೇ 3,000 ಪೌಂಡ್ ಕೊಟ್ಟ. 1895ರಲ್ಲಿ ನೂರನೇ ಸೆಂಚುರಿ ಹೊಡೆದಾಗ ಜನ ಎಲ್ಲಾ ಚಂದಾ ಎತ್ತಿದ್ರು, ಒಂದು ಪೇಪರ್‌ನೋರು ಓದುಗರ ಹತ್ರ ಒಂದೊಂದು ಶಿಲಿಂಗ್ ಕೂಡಿಸಿದ್ರು, ಎಲ್ಲಾ ಸೇರಿ ಸುಮಾರು 9,000 ಪೌಂಡ್ ಆಯ್ತು. ಅದು ಸಂಬಳ ಅಲ್ಲ, ಖರ್ಚು ಮತ್ತೆ ಕಾಣಿಕೆ. ಲೆಕ್ಕದ ಪುಸ್ತಕದಲ್ಲಿ ಬೇರೆ ಕಾಲಮ್ಮು ಅಷ್ಟೇ.

ಇನ್ನು ನೀವು ಹೇಳಿದ ಟೆಸ್ಟು. ಅದಕ್ಕೆ ಮುಂಚೆ ಐದು ಜನ ಪ್ರೊಫೆಷನಲ್‌ಗಳು, ಲೋಮನ್, ಗನ್, ಏಬಲ್, ಹೇವರ್ಡ್, ರಿಚರ್ಡ್‌ಸನ್, ನಮಗೆ ಟೆಸ್ಟಿಗೆ ಕೊಡೋ 10 ಪೌಂಡ್ ಸಾಲಲ್ಲ, 20 ಕೊಡಿ, ಇಲ್ಲಾಂದ್ರೆ ಆಡಲ್ಲ ಅಂತ ಪಟ್ಟು ಹಿಡಿದ್ರು. ಪೇಪರ್‌ಗಳಲ್ಲಿ ಗಲಾಟೆ. ಗ್ರೇಸ್‌ಗೆ ಎಷ್ಟು ಕೊಡ್ತಿದೀರ ಅಂತ ಜನಾನೂ ಕೇಳೋಕೆ ಶುರು ಮಾಡಿದ್ರು. ಕೊನೆಗೆ ಓವಲ್ ಮೈದಾನದ ಸರ್ರೆ ಕ್ಲಬ್ಬಿನೋರು ಸ್ಟೇಟ್‌ಮೆಂಟ್ ಕೊಡಬೇಕಾಯ್ತು, ಡಾಕ್ಟರಿಗೆ ಮ್ಯಾಚಿಗೆ 10 ಪೌಂಡ್ ಖರ್ಚಿಗೆ ಮಾತ್ರ ಕೊಡ್ತೀವಿ ಅಂತ. ಅಂದ್ರೆ ಪ್ರೊಫೆಷನಲ್ ಫೀಸ್ ಎಷ್ಟೋ ಅಮೆಚೂರ್ ಖರ್ಚೂ ಅಷ್ಟೇ 😄

ರಿಚರ್ಡ್‌ಸನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಹಿಂದಿನ ಟೆಸ್ಟು ಓಲ್ಡ್ ಟ್ರಾಫರ್ಡಲ್ಲಿ, ರಂಜಿ ಮೊದಲ ಟೆಸ್ಟಲ್ಲೇ 154 ನಾಟೌಟ್ ಹೊಡೆದದ್ದು ಎಲ್ಲರಿಗೂ ಗೊತ್ತು, ಆದ್ರೆ ಅದೇ ಮ್ಯಾಚಲ್ಲಿ ರಿಚರ್ಡ್‌ಸನ್ ನೂರಕ್ಕೂ ಜಾಸ್ತಿ ಓವರ್ (ಆಗ ಓವರಿಗೆ ಐದೇ ಬಾಲ್) ಫಾಸ್ಟ್ ಹಾಕಿ 13 ವಿಕೆಟ್ ತೆಗೆದ. ಆದ್ರೂ ಆಸ್ಟ್ರೇಲಿಯಾ 3 ವಿಕೆಟ್‌ಗಳಿಂದ ಗೆದ್ದುಬಿಟ್ತು. ಅಷ್ಟಕ್ಕೆ 10 ಪೌಂಡು.

ಆರಾಮಚೇರು:
ಗ್ರೇಸ್ ಒಬ್ಬನ್ನೇ ಯಾಕೆ ಬೈತೀರಾ, ಇದು ಆ ಕಾಲದಲ್ಲಿ ಎಲ್ಲಾ ಆಟದಲ್ಲೂ ಇತ್ತು, ಮೂಲ ವಿಷ್ಯ ದುಡ್ಡೇ ಅಲ್ಲ. 1879ರಲ್ಲಿ ಹೆನ್ಲಿ ದೋಣಿ ರೇಸಿನೋರು ಮಾಡಿದ ರೂಲ್ ನೋಡಿ, ಕೂಲಿ ಮಾಡೋನು, ಕುಶಲಕರ್ಮಿ ಇವರ್ಯಾರೂ ಅಮೆಚೂರ್ ಆಗೋಕೇ ಆಗಲ್ಲ. ಒಂದು ಪೈಸೆ ಮುಟ್ಟದೇ ಇದ್ರೂ ಸರಿ, ನೀನು ಕೈಕೆಲಸದೋನು, ಆಚೆ ನಿಲ್ಲು. ನಮ್ಮ ಕಡೆ ಪಂಕ್ತಿಭೇದ ನೋಡಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಫುಟ್‌ಬಾಲ್‌ನೋರು ಸ್ವಲ್ಪ ಬುದ್ಧಿವಂತರು. 1883ರ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಕಪ್ ಫೈನಲ್ಲಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅನ್ನೋ ಟೀಮು, ನೇಕಾರರು ಪ್ಲಂಬರ್ ಇಂಥೋರು, ಈಟನ್ ಅನ್ನೋ ದೊಡ್ಡವರ ಮಕ್ಕಳ ಸ್ಕೂಲಿನ ಹಳೇ ಹುಡುಗರನ್ನ 2-1ಕ್ಕೆ ಸೋಲಿಸ್ತು. ಆಮೇಲೆ ಒಳಗೊಳಗೇ ದುಡ್ಡು ಕೊಡೋದು ಜಾಸ್ತಿ ಆಗಿ 1885ರಲ್ಲಿ ಎಫ್‌ಎ ಸುಮ್ನೆ ಪ್ರೊಫೆಷನಲ್ಲನ್ನ ಒಪ್ಕೊಂಡ್ತು, 1888ಕ್ಕೆ 12 ಕ್ಲಬ್ ಸೇರಿ ಲೀಗೂ ಶುರು. ರಗ್ಬಿಯೋರು ಒಪ್ಪಲಿಲ್ಲ. ಮಿಲ್ಲಲ್ಲಿ, ಗಣಿಯಲ್ಲಿ ಕೆಲಸ ಮಾಡೋರು ಆಟಕ್ಕೆ ರಜಾ ಹಾಕಿದ್ರೆ ಕೂಲಿ ಕಟ್, ಅದನ್ನ ತುಂಬಿಕೊಡೋಕೆ ದಿನಕ್ಕೆ ಆರು ಶಿಲಿಂಗ್ ಕೊಡೋಣ ಅಂತ ಉತ್ತರದ ಕ್ಲಬ್‌ಗಳು ಕೇಳಿದ್ದು. ಬರೀ ಆರು ಶಿಲಿಂಗ್! ಅದಕ್ಕೂ ಇಲ್ಲ ಅಂದ್ರು. 1895ರ ಆಗಸ್ಟಲ್ಲಿ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಲ್ಲಿ ಕೂತು ಬೇರೆ ಯೂನಿಯನ್ನೇ ಮಾಡ್ಕೊಂಡ್ರು, ಈಗಿನ 13 ಜನರ ರಗ್ಬಿ ಲೀಗ್ ಹುಟ್ಟಿದ್ದು ಅಲ್ಲಿಂದ. 15 ಜನರ ರಗ್ಬಿಯೋರು ಪ್ರೊಫೆಷನಲ್ ಆಗೋಕೆ 1995ರ ತನಕ ಬೇಕಾಯ್ತು ನೋಡಿ.

ಲೆಗ್‌ಬೈ:
ಕ್ರಿಕೆಟ್ಟಲ್ಲಿ ಪ್ರೊಫೆಷನಲ್‌ಗಳು ಬರೀ ಕೈಕಟ್ಟಿ ನಿಂತಿದ್ರು ಅನ್ನೋ ಹಾಗೆ ಹೇಳ್ಬೇಡಿ ಆರಾಮಚೇರು ಅವ್ರೇ. 1877ರಲ್ಲಿ ಮೆಲ್ಬೋರ್ನಲ್ಲಿ ಮೊದಲನೇ ಟೆಸ್ಟ್ ಆಡಿದ ಇಂಗ್ಲೆಂಡ್ ಟೀಮಲ್ಲಿ ಹನ್ನೊಂದಕ್ಕೆ ಹನ್ನೊಂದೂ ಪ್ರೊಫೆಷನಲ್ಲೇ, ಕ್ಯಾಪ್ಟನ್ ಜೇಮ್ಸ್ ಲಿಲ್ಲಿವೈಟೂ ಸೇರಿ. ಟೂರು ಅವರ ಸ್ವಂತ ವ್ಯಾಪಾರ. ಆದ್ರೆ ತವರಲ್ಲಿ ಅವರನ್ನ ಕ್ಯಾಪ್ಟನ್ ಮಾಡೋಕೆ 1952ರಲ್ಲಿ ಲೆನ್ ಹಟನ್ ಅನ್ನೋ ಪ್ರೊಫೆಷನಲ್ ಬರೋ ತನಕ ಕಾಯಬೇಕಾಯ್ತು, ಅದನ್ನ ಒಪ್ತೀನಿ.

ಬೌಂಡರಿಲೈನ್:
ಸೂಪರ್ ಇನ್ಫೋ ಎಲ್ಲರಿಗೂ ಥ್ಯಾಂಕ್ಸ್. ಆ ಐದು ಜನರ ಕಥೆ ಏನಾಯ್ತು? 20 ಪೌಂಡ್ ಸಿಕ್ತಾ?

ಥರ್ಡ್‌ಮ್ಯಾನ್:
ಸಿಗಲಿಲ್ಲ. ಏಬಲ್, ಹೇವರ್ಡ್, ರಿಚರ್ಡ್‌ಸನ್ ಮೂವರೂ ಸುಮ್ನೆ ವಾಪಸ್ ಬಂದು ಆಡಿದ್ರು, ಅದಕ್ಕೇ ನಿಮ್ಮ ಕಾರ್ಡಲ್ಲಿ ಅವರ ಹೆಸರಿದೆ. ಲೋಮನ್ ಮತ್ತೆ ಇಂಗ್ಲೆಂಡಿಗೆ ಆಡಲೇ ಇಲ್ಲ. 112 ವಿಕೆಟ್, ಆವರೇಜ್ 10.75, ಅಂಥಾ ಬೌಲರ್. ಕ್ಷಯ ಮೊದಲೇ ಇತ್ತು, 1901ರಲ್ಲಿ ಸೌತ್ ಆಫ್ರಿಕಾದಲ್ಲಿ 36ನೇ ವಯಸ್ಸಿಗೆ ತೀರಿಕೊಂಡ. ಗನ್‌ಗೆ ದುಡ್ಡಿನ ಪ್ರಾಬ್ಲಮ್ ಇರಲಿಲ್ಲ, ಸಂಬಳ ನಂಬ್ಕೊಂಡು ಕೂತೋನಲ್ಲ, ಪಾರ್ಟ್ನರ್ ಜೊತೆ ಬ್ಯಾಟ್ ಮಾಡೋ ಕಂಪನಿ ಇಟ್ಟಿದ್ದ. ಗನ್ ಅಂಡ್ ಮೂರ್, ನಾವು ಜಿಎಂ ಬ್ಯಾಟ್ ಅಂತೀವಲ್ಲ, ಅದೇ. 1899ರಲ್ಲಿ ಮತ್ತೆ ಕರೆದು ಟೆಸ್ಟೂ ಆಡಿಸಿದ್ರು.